ಗಿಟಾರ್ ಮರ: ತೇವ, ಬಾಗು ಮತ್ತು ಪುಣೆಯ ಹವೆ

ವಿದ್ಯುತ್ತಿನ ನೆರವಿಲ್ಲದೆ, ಮರದ ಪೆಟ್ಟಿಗೆಯ ಕಂಪನದಿಂದಲೇ ನಾದ ಹೊರಡಿಸುವ ತಂತಿವಾದ್ಯ ಅಕೂಸ್ಟಿಕ್ ಗಿಟಾರ್. ಅದರ ಮೇಲುಹಲಗೆಯ ದಪ್ಪ 2.5ರಿಂದ 3 ಮಿ.ಮೀ. ಮಾತ್ರ. ಅಷ್ಟು ತೆಳುವಾದ ಹಲಗೆಯನ್ನು ಆರು ಉಕ್ಕಿನ ತಂತಿಗಳು ಹಗಲಿರುಳೂ ಎಳೆಯುತ್ತಿರುತ್ತವೆ. ಆ ಎಳೆತವೆಲ್ಲ ಸೇರಿದರೆ ಸುಮಾರು 70 ಕೆ.ಜಿ. ಭಾರಕ್ಕೆ ಸಮ. ಹಲಗೆ ದಪ್ಪವಾದರೆ ದನಿ ಸಾಯುತ್ತದೆ, ತೆಳುವಾದರೆ ವಾದ್ಯವೇ ಸಾಯುತ್ತದೆ. ಈ ಇಕ್ಕಟ್ಟಿನ ನಡುವೆ ಹಲಗೆಯ ಅಗಲ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಮರ ಹೀಗೆ ಅಲುಗಾಡುವುದನ್ನು ಮೊದಲೇ ಲೆಕ್ಕ ಹಾಕಿ, ಬಾಗು, ತಿರುಚು, ಬಿರುಕು ಬಾರದಂತೆ ವಾದ್ಯ ಕಟ್ಟುವುದು ಗಿಟಾರ್ ತಯಾರಿಕೆಯ ಅರ್ಧ ವಿದ್ಯೆ. ಯುರೋಪ್, ಅಮೆರಿಕಗಳಲ್ಲಿ ರೂಪುಗೊಂಡ ಈ ವಿದ್ಯೆಯನ್ನು ದಖ್ಖನಿನ ಹವೆಗೆ ಹೊಂದಿಸಿಕೊಳ್ಳುವ ಬಗೆಯನ್ನು, ಪುಣೆಯ ಸ್ವಾರಗೇಟ್ ಭಾಗವನ್ನು ಮುಂದಿಟ್ಟುಕೊಂಡು ಈ ಲೇಖನ ವಿವರಿಸುತ್ತದೆ.

ಮರ ಮತ್ತು ನೀರು

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಟೊಳ್ಳಿನಲ್ಲಿ ಮತ್ತು ಕೋಶಭಿತ್ತಿಯ ಒಳಗೆ. ಕಡಿದ ಮರ ಒಣಗತೊಡಗಿದಾಗ ಮೊದಲು ಹೋಗುವುದು ಟೊಳ್ಳಿನ ನೀರು. ಆ ಹಂತದಲ್ಲಿ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ಟೊಳ್ಳು ಬರಿದಾಗಿ ಭಿತ್ತಿಯಲ್ಲಿ ಮಾತ್ರ ನೀರು ಉಳಿದ ಸ್ಥಿತಿಗೆ ನಾರಿನ ಸಂತೃಪ್ತ ಬಿಂದು ಎನ್ನುತ್ತಾರೆ. ಹೆಚ್ಚಿನ ಮರಗಳಲ್ಲಿ ಇದು ಒಣತೂಕದ ಶೇ. 28-30ರಷ್ಟು. ಇಲ್ಲಿಂದ ಕೆಳಗೆ ಇಳಿದ ಪ್ರತಿ ಅಂಶಕ್ಕೂ ಮರ ಕುಗ್ಗುತ್ತದೆ, ಮತ್ತೆ ತೇವ ಹೀರಿದರೆ ಹಿಗ್ಗುತ್ತದೆ. ಒಮ್ಮೆ ಚೆನ್ನಾಗಿ ಒಣಗಿದ ಮರ ಮತ್ತೆ ಅಲುಗುವುದಿಲ್ಲ ಎಂಬ ನಂಬಿಕೆ ಬಡಗಿಗಳಲ್ಲಿಯೂ ಇದೆ. ಅದು ಪೂರ್ತಿ ನಿಜವಲ್ಲ. ನೂರು ವರ್ಷದ ತೊಲೆಯೂ ಮಳೆಗಾಲದಲ್ಲಿ ಹಿಗ್ಗುತ್ತದೆ. ಹಳೆಯ ಮನೆಯ ಬಾಗಿಲು ಆಷಾಢದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದೇ ಕಾರಣಕ್ಕೆ.

ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆಗೆ ತಕ್ಕಂತೆ ಮರ ಒಂದು ಸಮತೋಲದ ತೇವಕ್ಕೆ ಬಂದು ನಿಲ್ಲುತ್ತದೆ. ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಆರ್ದ್ರತೆ ಶೇ. 35 ಇದ್ದರೆ ಮರದ ತೇವ ಶೇ. 7ರ ಹತ್ತಿರ, ಶೇ. 45 ಇದ್ದರೆ 8.5ರ ಹತ್ತಿರ, ಶೇ. 80 ಇದ್ದರೆ 16ರ ಹತ್ತಿರ. ಒಣಗುತ್ತ ಬಂದ ಮರಕ್ಕೂ ತೇವ ಹೀರುತ್ತ ಬಂದ ಮರಕ್ಕೂ ಅದೇ ಗಾಳಿಯಲ್ಲಿ ಒಂದೆರಡು ಅಂಶ ವ್ಯತ್ಯಾಸ ಇರುತ್ತದೆ. ಒಣಗುತ್ತಿರುವ ಮರ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಸಣ್ಣ ಸಂಗತಿ ಪುಣೆಯ ಅಕ್ಟೋಬರ್‌ನಲ್ಲಿ ದೊಡ್ಡದಾಗುತ್ತದೆ.

ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ನಾರಿನ ಉದ್ದಕ್ಕೆ ಅದು ಹಸಿಯಿಂದ ಪೂರ್ತಿ ಒಣಗುವವರೆಗೆ ಶೇ. 0.1-0.2 ಮಾತ್ರ. ತಿರುಳಿನಿಂದ ತೊಗಟೆಯ ಕಡೆಗೆ, ಅಂದರೆ ಅರೀಯ ದಿಕ್ಕಿನಲ್ಲಿ, ಹೆಚ್ಚು. ವಾರ್ಷಿಕ ಉಂಗುರಗಳನ್ನು ಅನುಸರಿಸಿದ ದಿಕ್ಕಿನಲ್ಲಿ ಇನ್ನೂ ಹೆಚ್ಚು, ಹಲವು ಮರಗಳಲ್ಲಿ ಹತ್ತಿರಹತ್ತಿರ ಎರಡು ಪಟ್ಟು. ಸಿಟ್ಕಾ ಸ್ಪ್ರೂಸ್ ಅರೀಯವಾಗಿ ಶೇ. 4.3, ಉಂಗುರದ ಜಾಡಿನಲ್ಲಿ ಶೇ. 7.5 ಕುಗ್ಗುತ್ತದೆ. ನಮ್ಮ ಬೀಟೆ ಕ್ರಮವಾಗಿ 2.7 ಮತ್ತು 5.8. ತೇಗ 2.6 ಮತ್ತು 5.3. ಆಫ್ರಿಕದ ಕರಿಮರ, ಅಂದರೆ ಎಬೊನಿ, ಅರೀಯ ದಿಕ್ಕಿನಲ್ಲಿಯೇ ಶೇ. 8ನ್ನು ದಾಟುತ್ತದೆ. ಬಾಗು ಹುಟ್ಟುವುದೇ ಈ ಎರಡು ದರಗಳ ಅಂತರದಿಂದ. ಉಂಗುರಗಳು ಹಲಗೆಯ ಮುಖಕ್ಕೆ ಮಲಗಿಕೊಂಡಂತೆ ಕೊಯ್ದ ಹಲಗೆ ಒಣಗಿದಾಗ ದೋಣಿಯಂತೆ ತೋಡಾಗುತ್ತದೆ. ಉಂಗುರಗಳು ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದದ್ದು ಅಗಲದಲ್ಲಿ ಕುಗ್ಗಿದರೂ ಚಪ್ಪಟೆಯಾಗಿಯೇ ಉಳಿಯುತ್ತದೆ. ನಾರು ಸುತ್ತಿಕೊಂಡು ಬೆಳೆದ ಮರ ತಿರುಚಿಕೊಳ್ಳುತ್ತದೆ. ಅದಕ್ಕೆ ಯಾವ ಉಪಾಯವೂ ಇಲ್ಲ, ಗಿಟಾರಿಗೆ ಬಳಸದಿರುವುದೊಂದೇ ದಾರಿ.

ಸ್ವಾರಗೇಟ್‌ನ ಗಾಳಿ

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿಯ ಮಳೆನೆರಳಿನಲ್ಲಿ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಭಾರತ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಈ ಊರಿಗೇ ಬಂದು 1944ರವರೆಗೆ ಶಿವಾಜಿನಗರದಲ್ಲಿ ನೆಲೆಸಿದ್ದರಿಂದ, ಇಲ್ಲಿನ ಹವೆಯ ದಾಖಲೆಗೆ ಕೊರತೆಯಿಲ್ಲ. ಸ್ವಾರಗೇಟ್ ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಕಿ.ಮೀ. ಕನ್ನಡಿಗರಿಗೆ ಇದು ಮುಖ್ಯವಾಗಿ ಬಸ್‌ಸ್ಟ್ಯಾಂಡಿನ ಹೆಸರು. ಕೊಲ್ಹಾಪುರ, ಸಾಂಗ್ಲಿ, ಮಿರಜ್, ಸೊಲ್ಲಾಪುರ, ಬೆಳಗಾವಿ ಕಡೆಯ ಬಸ್ಸುಗಳ ತಾಣ. ಇಲ್ಲಿನ ಜೇಧೆ ಚೌಕದಿಂದ ಹೊರಡುವ ಶಂಕರಶೇಟ್ ರಸ್ತೆಯ ಮಗ್ಗುಲಿನ ಭವಾನಿ ಪೇಠೆಯಲ್ಲಿ ಪುಣೆಯ ಟಿಂಬರ್ ಮಾರ್ಕೆಟ್ ಇದೆ. ಮರ ಹುಡುಕಿಕೊಂಡು ಬಂದವರ ಕಾಲು ತಾನಾಗಿ ಆ ಕಡೆ ಹೊರಳುತ್ತದೆ. ಆದರೆ ಅಲ್ಲಿಯ ಸರಕು ಮನೆಕಟ್ಟಡ, ಪೀಠೋಪಕರಣಗಳ ಲೆಕ್ಕದ್ದು. ಬಾಗಿಲಿಗೆ ಶೇ. 12ರ ತೇವ ಸಾಕು; ಗಿಟಾರಿಗೆ ಸಾಲದು.

ಏಪ್ರಿಲ್‌ನ ಮಧ್ಯಾಹ್ನ ಪುಣೆಯ ಆರ್ದ್ರತೆ ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ಆಗಸ್ಟ್‌ನಲ್ಲಿ ಹಗಲೂ ರಾತ್ರಿಯೂ ಸೇರಿ ಸರಾಸರಿ ಶೇ. 80ನ್ನು ಮುಟ್ಟುತ್ತದೆ. ಏಪ್ರಿಲ್‌ನ ಅಂಕಿಯನ್ನು ನೋಡಿ ಗಾಬರಿಯಾಗಬೇಕಿಲ್ಲ. ಮಧ್ಯಾಹ್ನ 38 ಡಿಗ್ರಿಯಲ್ಲಿ ಶೇ. 20 ಇದ್ದ ಗಾಳಿಯೇ ಬೆಳಗಿನ ಜಾವ 22 ಡಿಗ್ರಿಗೆ ತಣಿದಾಗ ಶೇ. 50 ಆಗುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಅದರ ಹಿಡಿದಿಡುವ ಶಕ್ತಿ ಮಾತ್ರ ಬದಲಾದದ್ದು. ಮರಕ್ಕೆ ಗಂಟೆಗಳ ಏರಿಳಿತ ಅಷ್ಟಾಗಿ ತಾಕುವುದಿಲ್ಲ. ತೆಳುವಾದ ಮೇಲುಹಲಗೆ ಕೆಲವು ದಿನಗಳ ಸರಾಸರಿಯನ್ನು ಅನುಸರಿಸುತ್ತದೆ, ದಪ್ಪನೆಯ ಕತ್ತು ವಾರಗಳ ಸರಾಸರಿಯನ್ನು. ಹಾಗೆ ನೋಡಿದರೆ ತಡೆಯಿಲ್ಲದೆ ತೆರೆದಿಟ್ಟ ಹಲಗೆ ಬೇಸಿಗೆಯಲ್ಲಿ ಶೇ. 6-7ಕ್ಕೂ ಮಳೆಗಾಲದಲ್ಲಿ 16ಕ್ಕೂ ಹೋಗಿಬರುತ್ತದೆ. ಹತ್ತಿರಹತ್ತಿರ ಹತ್ತು ಅಂಶಗಳ ತೂಗಾಟ.

ಇಂಗ್ಲಿಷಿನ ಕೈಪಿಡಿಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಗಿಟಾರಿಗೆ ಕಂಟಕ ಚಳಿಗಾಲ. ಮನೆಯೊಳಗೆ ಹೀಟರ್ ಉರಿದು ಗಾಳಿ ಬತ್ತುತ್ತದೆ, ಆದ್ದರಿಂದ ಅಲ್ಲಿನ ಸಲಹೆಯೆಲ್ಲ ತೇವ ಕೊಡಿ ಎಂಬುದೇ. ಮಂಗಳೂರು, ಕಾಸರಗೋಡು, ಗೋವಾದಲ್ಲಿ ವರ್ಷದ ಹೆಚ್ಚಿನ ಕಾಲ ಶೇ. 70ರ ಮೇಲಿರುವುದರಿಂದ ಅಲ್ಲಿ ಸಮಸ್ಯೆ ಒಂದೇ ಮುಖದ್ದು: ತೇವ ತೆಗೆಯಬೇಕು. ಪುಣೆ, ಬೆಳಗಾವಿ, ವಿಜಯಪುರ, ಕಲಬುರಗಿಗಳ ಪಾಡು ಎರಡೂ. ಕರಾವಳಿಯ ತೇವವಾಗಲಿ ಮರುಭೂಮಿಯ ಒಣಗಾಳಿಯಾಗಲಿ ಗಿಟಾರಿಗೆ ಈ ಎರಡರ ನಡುವಿನ ಓಡಾಟದಷ್ಟು ಕೆಟ್ಟದ್ದಲ್ಲ. ಮೇಲಿಂದ ಬೇಸಿಗೆಯ ಡೆಸರ್ಟ್ ಕೂಲರ್. ಬಿಸಿಲಿಗೆ ಬತ್ತಿದ ಕೋಣೆಯನ್ನು ಅದು ಒಂದೇ ಗಂಟೆಯಲ್ಲಿ ಒದ್ದೆ ಮಾಡುತ್ತದೆ. ಕೂಲರಿನ ಗಾಳಿಗೆ ಎದುರಾಗಿ ಗೋಡೆಗೆ ತೂಗುಹಾಕಿದ ಗಿಟಾರ್ ಒಂದೇ ತಿಂಗಳಲ್ಲಿ ಎರಡೂ ಋತುಗಳನ್ನು ನೋಡುತ್ತದೆ.

ಹಲಗೆಯ ಲೆಕ್ಕ

ಡ್ರೆಡ್‌ನಾಟ್ ಮಾದರಿಯ ಗಿಟಾರಿನ ಹೊಟ್ಟೆಯ ಅಗಲ ಸುಮಾರು 397 ಮಿ.ಮೀ. ಮೇಲುಹಲಗೆ ನೆಟ್ಟ ಉಂಗುರದ ಸಿಟ್ಕಾ ಸ್ಪ್ರೂಸ್ ಆಗಿದ್ದರೆ ತೇವದ ಪ್ರತಿ ಅಂಶಕ್ಕೆ ಶೇ. 0.14ರಷ್ಟು ಅಳತೆ ಬದಲಾಗುತ್ತದೆ. ಹತ್ತು ಅಂಶದ ತೂಗಾಟಕ್ಕೆ ಅಗಲ 5.7 ಮಿ.ಮೀ. ವ್ಯತ್ಯಾಸವಾಗುತ್ತದೆ, ಬಿಡುಬೀಸಾಗಿ ಬಿಟ್ಟರೆ. ಅದೇ ಅಳತೆಯ ಬೀಟೆಯ ಬೆನ್ನುಹಲಗೆ 3.6 ಮಿ.ಮೀ. ಮಾತ್ರ ಅಲುಗುತ್ತದೆ. ಒಂದೇ ಪೆಟ್ಟಿಗೆಯ ಎದೆ ಮತ್ತು ಬೆನ್ನು ಬೇರೆಬೇರೆ ಅಳತೆಗೆ ಉಸಿರಾಡುತ್ತವೆ.

ಕಟ್ಟಿದ ಗಿಟಾರಿನಲ್ಲಿ ಹಲಗೆ ಬಿಡುಬೀಸಾಗಿ ಇರುವುದಿಲ್ಲ. ಸುತ್ತ ಪಕ್ಕಪಟ್ಟಿಗೆ ಅಂಟಿರುತ್ತದೆ. ಒಳಗೆ ನಾರಿಗೆ ಅಡ್ಡವಾಗಿ ಬ್ರೇಸ್ ಎಂಬ ಆಧಾರಪಟ್ಟಿಗಳು ಅಂಟಿರುತ್ತವೆ. ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1840ರ ದಶಕದಲ್ಲಿ ಬಳಕೆಗೆ ತಂದ ಎಕ್ಸ್ ಆಕಾರದ ಜೋಡಣೆಯೇ ಇಂದಿಗೂ ಉಕ್ಕಿನ ತಂತಿಯ ಗಿಟಾರುಗಳ ಬೆನ್ನೆಲುಬು. ಸ್ಪೇನಿನ ಅಲ್ಮೇರಿಯಾದ ಆಂಟೋನಿಯೊ ದೆ ತೋರೆಸ್ ಬೀಸಣಿಗೆಯಂತೆ ಹರಡಿದ ಪಟ್ಟಿಗಳನ್ನು ಕ್ಲಾಸಿಕಲ್ ಗಿಟಾರಿಗೆ ನೆಲೆಗೊಳಿಸಿದ. ಬ್ರೇಸ್‌ನ ನಾರು ಅದರ ಉದ್ದಕ್ಕೆ ಓಡುವುದರಿಂದ ಆ ದಿಕ್ಕಿನಲ್ಲಿ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಲಗೆ ಮಾತ್ರ ಕುಗ್ಗಲು ಎಳೆಯುತ್ತದೆ. ಬೇಸಿಗೆಯಲ್ಲಿ ಹಲಗೆ ಸಣ್ಣದಾಗಲು ನೋಡಿ ಬ್ರೇಸ್ ಬಿಡದಿದ್ದಾಗ ಉಬ್ಬು ತಗ್ಗುತ್ತದೆ, ತಂತಿ ಬೆರಳುಪಟ್ಟಿಯ ಲೋಹದ ಫ್ರೆಟ್ಟಿಗೆ ತಾಕಿ ಝುಂಯ್‌ಗುಡುತ್ತದೆ, ಕೊನೆಗೆ ನಾರಿನ ಉದ್ದಕ್ಕೆ ಸೀಳು ಬೀಳುತ್ತದೆ. ಮಳೆಗಾಲದಲ್ಲಿ ಇದರ ತಿರುವುಮುರುವು: ಹಲಗೆ ಉಬ್ಬುತ್ತದೆ, ತಂತಿ ಮೇಲೇರಿ ಬೆರಳು ನೋಯುತ್ತದೆ, ತಂತಿ ಕಟ್ಟುವ ಬ್ರಿಡ್ಜ್‌ನ ಹಿಂಬದಿ ಎದ್ದು ನಿಲ್ಲುತ್ತದೆ, ದನಿ ಮಂಕಾಗುತ್ತದೆ. ಆದರೆ ಒದ್ದೆಯಲ್ಲಿ ಉಬ್ಬಿದ್ದು ಒಣಗಿದಾಗ ಬಹುಮಟ್ಟಿಗೆ ಸರಿಹೋಗುತ್ತದೆ. ಒಣಗಿ ಸೀಳಿದ್ದು ಹಾಗಲ್ಲ. ಮರ ಹಿಗ್ಗಿದ್ದನ್ನು ಕ್ಷಮಿಸುತ್ತದೆ, ಕುಗ್ಗಿದ್ದನ್ನು ಕ್ಷಮಿಸುವುದಿಲ್ಲ. ಒಣಗಿದ ಸ್ಥಿತಿಯಲ್ಲಿ ಕಟ್ಟು ಎಂಬ ನಿಯಮ ಇಲ್ಲಿಂದಲೇ ಬಂದದ್ದು.

ಮೇಲುಹಲಗೆಯನ್ನು ಪೂರ್ತಿ ಚಪ್ಪಟೆಯಾಗಿ ಕಟ್ಟುವವರು ಈಗ ಕಡಿಮೆ. ಸುಮಾರು 8 ಮೀಟರ್ ತ್ರಿಜ್ಯದ ಮೆಲ್ಲನೆಯ ಉಬ್ಬು ಮೇಲಕ್ಕೆ, 4.6 ಮೀಟರ್ ತ್ರಿಜ್ಯದ್ದು ಬೆನ್ನಿಗೆ ಎಂಬುದು ವಾಡಿಕೆ. ಉಬ್ಬಿನಲ್ಲಿ ಹೆಚ್ಚುವರಿ ಮರ ಅಡಗಿರುತ್ತದೆ, ಒಣಗಿದಾಗ ಅದು ಖರ್ಚಾಗುತ್ತದೆ ಎಂದು ಹಲವರು ವಿವರಿಸುತ್ತಾರೆ. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. 400 ಮಿ.ಮೀ. ಅಗಲಕ್ಕೆ 8 ಮೀಟರ್ ತ್ರಿಜ್ಯದ ಉಬ್ಬಿನ ಎತ್ತರ ನಡುವೆ 2.5 ಮಿ.ಮೀ.; ಬಾಗಿದ ಉದ್ದಕ್ಕೂ ನೇರ ಉದ್ದಕ್ಕೂ ಅಂತರ ಕೇವಲ 0.04 ಮಿ.ಮೀ. ಮಿಲಿಮೀಟರ್‌ಗಟ್ಟಲೆ ಕುಗ್ಗುವ ಹಲಗೆಗೆ ಇದು ಯಾವ ಮೂಲೆಗೂ ಸಾಲದು. ಉಬ್ಬಿನ ನಿಜವಾದ ಉಪಕಾರ ಬೇರೆ. ಹಲಗೆ ಒಂದು ಕಡೆ, ಬ್ರೇಸ್ ಇನ್ನೊಂದು ಕಡೆ ಇರುವುದರಿಂದ ಹಲಗೆ ಕುಗ್ಗಿದಾಗ ಇಡೀ ಜೋಡಣೆ ಬಾಗಲು ನೋಡುತ್ತದೆ. ಉಬ್ಬಾಗಿ ಕಟ್ಟಿದ್ದರೆ ಆ ಬಾಗು ಮೊದಲು ಉಬ್ಬನ್ನು ತಗ್ಗಿಸುತ್ತದೆ, ಅಷ್ಟರಲ್ಲಿ ಬ್ರೇಸ್ ಮಣಿದು ಎಳೆತ ಸಡಿಲಗೊಳ್ಳುತ್ತದೆ. ಚಪ್ಪಟೆಯಾಗಿ ಕಟ್ಟಿದ್ದರೆ ಮೊದಲ ಹೆಜ್ಜೆಯಲ್ಲಿಯೇ ಹಲಗೆ ಒಳಕ್ಕೆ ಕುಸಿಯುತ್ತದೆ. ಆದ್ದರಿಂದ ಉಬ್ಬನ್ನು ನಂಬಿ ಒದ್ದೆ ಹಲಗೆ ಅಂಟಿಸುವುದು ಅಪಾಯದ ಜೂಜು.

ಮರದ ಆಯ್ಕೆ, ಒಣಗಿಕೆ

ಗಿಟಾರ್ ಜಗತ್ತಿಗೆ ಕರ್ನಾಟಕದ ದೊಡ್ಡ ಕೊಡುಗೆ ಬೀಟೆ. ಸಹ್ಯಾದ್ರಿಯ ಕಾಡುಗಳ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಮೈಸೂರಿನ ಕೆತ್ತನೆ ಕೆಲಸಕ್ಕೆ ಹೆಸರಾದ ಅದೇ ಮರ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಗಿಟಾರುಗಳ ಬೆನ್ನು-ಪಕ್ಕಗಳಿಗೆ ಭಾರತದ ಬೀಟೆಯತ್ತ ಹೊರಳಿತು. ಉಳಿದ ಕಂಪನಿಗಳೂ ಹಿಂಬಾಲಿಸಿದವು. ಬೀಟೆಯ ಹೆಸರಿಗೆ ನಾದವೇ ಕಾರಣವೆಂದು ಹೇಳುವುದುಂಟು. ಕಟ್ಟುವವರ ಕಣ್ಣಿನಲ್ಲಿ ಅದರ ಅರ್ಧ ಹಿರಿಮೆ ಕಡಿಮೆ ಅಲುಗುವುದರಲ್ಲಿದೆ. 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲದ ಬಹುತೇಕ ಜಾತಿಗಳು ಅಳಿವಿನ ಭಯವಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿ, ಗಿಟಾರ್ ಹಿಡಿದು ಗಡಿ ದಾಟುವ ವಾದಕರೂ ಕಾಗದಪತ್ರಕ್ಕೆ ಪರದಾಡಿದರು. ಪೂರ್ತಿಯಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರ್ 26ರಿಂದ. ದಿಮ್ಮಿಗೂ ಹಲಗೆಗೂ ಆ ವಿನಾಯಿತಿ ಇಲ್ಲ. ಪುಣೆಯಲ್ಲಿ ಬೀಟೆ ಕೊಳ್ಳುವವರು ರಸೀತಿ, ಸಾಗಾಟದ ಪರವಾನಗಿ ಎರಡನ್ನೂ ಕೇಳಿ ಇಟ್ಟುಕೊಳ್ಳುವುದು ಲೇಸು.

ಬೀಟೆಗೆ ಅವಸರ ಆಗದು. ಬೇಗ ಒಣಗಿಸಿದರೆ ತುದಿ ಸೀಳುತ್ತದೆ, ಮೈಮೇಲೆ ಕೂದಲೆಳೆಯ ಬಿರುಕುಗಳು ಏಳುತ್ತವೆ. ಕೊಯ್ದ ಕೂಡಲೇ ತುದಿಗಳಿಗೆ ಮೇಣ ಇಲ್ಲವೆ ದಪ್ಪ ಬಣ್ಣ ಬಳಿಯುತ್ತಾರೆ, ಏಕೆಂದರೆ ತುದಿಯಿಂದ ನೀರು ಮುಖಕ್ಕಿಂತ ಹಲವು ಪಟ್ಟು ವೇಗವಾಗಿ ಹೊರಡುತ್ತದೆ. ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಇಟ್ಟು, ಮೇಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರುವಂತೆ ಜೋಡಿಸಿ, ಒಟ್ಟಲಿನ ನೆತ್ತಿಗೆ ಭಾರ ಹೇರಿ ನೆರಳಲ್ಲಿ ಬಿಡುವುದು ಹಳೆಯ ಕ್ರಮ. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕ ಅಂದಾಜಿನದು. ದಖ್ಖನಿನಲ್ಲಿ ಆ ವರ್ಷ ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂಬುದು ಇನ್ನೂ ಮುಖ್ಯ. ಜುಲೈನಲ್ಲಿ ವರ್ಷ ತುಂಬಿದ ಹಲಗೆ ಮೇ ತಿಂಗಳಲ್ಲಿದ್ದದ್ದಕ್ಕಿಂತ ಹಸಿ. ಕಿಲ್ನ್ ಎಂಬ ಬಿಸಿಗೂಡಿನಲ್ಲಿ ಒಣಗಿಸುವುದರ ಅಧ್ಯಯನಕ್ಕೆ ಕರ್ನಾಟಕದಲ್ಲಿ ಹೆಸರಾದ ಸಂಸ್ಥೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ 1988ರಲ್ಲಿ ಈಗಿನ ರೂಪಕ್ಕೆ ಬಂತು. ಕಿಲ್ನ್‌ನಲ್ಲಿ ಶೇ. 8ಕ್ಕೆ ಒಣಗಿಸಿದ ಮರವೂ ಹೊರಬಂದ ಮೇಲೆ ಕೋಣೆಯ ಗಾಳಿಯನ್ನೇ ಪಾಲಿಸುತ್ತದೆ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಕೆನಡಾದಲ್ಲಿ ಹದವಾಗಿ ಒಣಗಿಸಿದ ಸ್ಪ್ರೂಸ್ ಮುಂಬೈ ಬಂದರಿನ ಗೋದಾಮಿನಲ್ಲಿ ಒಂದು ಮಳೆಗಾಲ ಕಳೆದರೆ, ಚೀಟಿಯ ಮೇಲಿನ ಅಂಕಿಗೆ ಅರ್ಥವಿಲ್ಲ.

ಈಚೆಗೆ ಆಮ್ಲಜನಕ ಕಡಿಮೆ ಮಾಡಿದ ಒಲೆಯಲ್ಲಿ 160 ಡಿಗ್ರಿಗೂ ಮೇಲೆ ಹುರಿದ ಸ್ಪ್ರೂಸ್ ಮಾರುಕಟ್ಟೆಗೆ ಬಂದಿದೆ. ನೀರನ್ನು ಹಿಡಿಯುವ ಹೆಮಿಸೆಲ್ಯುಲೋಸ್ ಆ ಶಾಖಕ್ಕೆ ಒಡೆಯುವುದರಿಂದ ಹಲಗೆ ಮೊದಲಿನಷ್ಟು ತೇವ ಹೀರುವುದಿಲ್ಲ. ತುಸು ಪೆಡಸಾಗುತ್ತದೆ, ಬೆಲೆಯೂ ಹೆಚ್ಚು. ದಖ್ಖನಿನ ಹವೆಗೆ ಇದು ಒಪ್ಪುವ ಮರ. ಇನ್ನು ಕಲಿಯುವವರ ಕೈಗೆ ಪ್ಲೈವುಡ್ಡಿನ ಗಿಟಾರ್. ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಅಲುಗುವುದೇ ಕಡಿಮೆ. ಗಟ್ಟಿಮರದ ಅಭಿಮಾನಿಗಳು ಅದನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಹಾಸ್ಟೆಲ್ ಕೋಣೆಯ ಮೂಲೆಯಲ್ಲಿ ನಾಲ್ಕು ಮಳೆಗಾಲ ತಾಳಿಕೊಳ್ಳುವ ವಾದ್ಯಕ್ಕೂ ಒಂದು ಮರ್ಯಾದೆ ಇದೆ.

ಅಂಟಿಸುವ ದಿನ

ಮರ ಎಷ್ಟು ದುಬಾರಿ ಎಂಬುದಕ್ಕಿಂತ ಬ್ರೇಸ್ ಅಂಟಿಸಿದ ದಿನ ಕೋಣೆಯ ಆರ್ದ್ರತೆ ಎಷ್ಟಿತ್ತು ಎಂಬುದೇ ಗಿಟಾರಿನ ಆಯಸ್ಸನ್ನು ತೀರ್ಮಾನಿಸುತ್ತದೆ. ಅಂಟು ಒಣಗಿದ ಗಳಿಗೆಯಲ್ಲಿ ಹಲಗೆಯ ಅಗಲ ಎಷ್ಟಿತ್ತೋ ಅದೇ ಅದರ ನೆಮ್ಮದಿಯ ಅಗಲ. ಆಮೇಲಿನ ಪ್ರತಿ ಬದಲಾವಣೆಯೂ ಆ ಅಳತೆಯಿಂದ ದೂರ ಸರಿಯುವುದೇ. ಕಾರ್ಖಾನೆಗಳು ಶೇ. 45-50ರ ಕೋಣೆಯಲ್ಲಿ ಕೆಲಸ ಮಾಡುತ್ತವೆ. ಕೈಯಿಂದ ಕಟ್ಟುವ ಅನೇಕರು ಬ್ರೇಸ್ ಅಂಟಿಸುವಾಗ 40ರ ಹತ್ತಿರ ಇಳಿಸುತ್ತಾರೆ. ಪುಣೆಯಲ್ಲಿ ಕಟ್ಟಿ ಪುಣೆಯಲ್ಲಿಯೇ ನುಡಿಸುವ ವಾದ್ಯಕ್ಕೆ 40 ಸೂಕ್ತವೆಂದು ಕಾಣುತ್ತದೆ. ಏಪ್ರಿಲ್‌ನಲ್ಲಿ ಅದು ಕುಗ್ಗಬೇಕಾದ ದೂರ ಕಡಿಮೆ, ಆಗಸ್ಟ್‌ನಲ್ಲಿ ಹಿಗ್ಗುವ ದೂರ ಹೆಚ್ಚು, ಹಿಗ್ಗುವುದೇ ಕಡಿಮೆ ಅಪಾಯದ್ದು. ಮಂಗಳೂರಿಗೆ ಹೋಗುವ ವಾದ್ಯವನ್ನು 40ರಲ್ಲಿ ಕಟ್ಟಿದರೆ ಅದು ವರ್ಷವಿಡೀ ಉಬ್ಬಿಕೊಂಡೇ ಇರುತ್ತದೆ. ಅದಕ್ಕೆ 50 ವಾಸಿ.

ಯಂತ್ರದ ಆಸರೆಯಿಲ್ಲದೆ ಇಂಥ ದಿನ ಪುಣೆಯಲ್ಲಿ ಯಾವಾಗ ಸಿಗುತ್ತದೆ? ದೀಪಾವಳಿಯ ಹೊತ್ತಿಗೆ ಗಾಳಿ ಒಣಗಿ ಹಿತವಾಗುತ್ತದೆ, ಕೈಗೆ ಕೆಲಸದ ಹುರುಪು ಬರುತ್ತದೆ. ಆರ್ದ್ರತಾಮಾಪಕ 45-50 ತೋರಿಸುತ್ತದೆ. ಇದೇ ಬೋನು. ಗಾಳಿ ಒಣಗಿದೆ, ಮರ ಒಣಗಿಲ್ಲ. ನಾಲ್ಕು ತಿಂಗಳು ನೀರು ಕುಡಿದ ಹಲಗೆ ಒಣಗುವ ದಾರಿಯಲ್ಲಿರುತ್ತದೆ, ಆ ದಾರಿಯಲ್ಲಿ ಅದೇ ಗಾಳಿಗೆ ಒಂದೆರಡು ಅಂಶ ಹೆಚ್ಚೇ ನೀರು ಹಿಡಿದುಕೊಂಡಿರುತ್ತದೆ. ದಪ್ಪ ಬ್ರೇಸ್ ತುಂಡುಗಳೂ ಕತ್ತಿನ ಮರವೂ ಇನ್ನೂ ಹಿಂದೆ. ಅಕ್ಟೋಬರ್‌ನಲ್ಲಿ ಅಂಟಿಸಿದ್ದು ಮಾರ್ಚ್‌ನಲ್ಲಿ ಸೀಳುವುದಕ್ಕೆ ಇದೇ ಕಾರಣ. ಜನವರಿಯ ಕೊನೆಯಿಂದ ಫೆಬ್ರುವರಿ ತುಂಬ ನಿಜವಾದ ಅವಕಾಶ; ಅಷ್ಟರೊಳಗೆ ಹಲಗೆ ಗಾಳಿಯನ್ನು ಹಿಡಿದಿರುತ್ತದೆ. ಸೌಂಡ್‌ಹೋಲಿನ ಸುತ್ತಣ ಅಲಂಕಾರ, ಬ್ರೇಸ್, ಪೆಟ್ಟಿಗೆ ಮುಚ್ಚುವುದು ಇವಿಷ್ಟನ್ನು ಆ ಕಾಲಕ್ಕೆ ಹೊಂದಿಸಿ, ಕತ್ತಿನ ಕೆತ್ತನೆ, ಹೊಳಪಿನಂಥ ಕೆಲಸ ಬೇರೆ ತಿಂಗಳಿಗೆ ಬಿಡಬಹುದು. ಲ್ಯಾಕರ್, ಅರಗಿನ ಪಾಲಿಷ್ ಎರಡೂ ಮಳೆಗಾಲದಲ್ಲಿ ತೇವ ಸಿಕ್ಕಿಕೊಂಡು ಬೆಳ್ಳಗೆ ಮಂಜಾಗುವುದರಿಂದ ಅವನ್ನೂ ಜೂನ್‌ಗೆ ಮೊದಲೇ ಮುಗಿಸುವುದು ಒಳ್ಳೆಯದು.

ವರ್ಷವಿಡೀ ಕೆಲಸ ಮಾಡುವವರಿಗೆ ಕೋಣೆಯೇ ಬೇಕು. ಇಡೀ ಮನೆಯನ್ನು ಹದಕ್ಕೆ ತರುವುದು ವ್ಯರ್ಥ. ಬಾಗಿಲು ಕಿಟಕಿ ಬಿಗಿಯಾದ ಒಂದು ಸಣ್ಣ ಕೋಣೆ, ಅದರಲ್ಲಿ ಡೀಹ್ಯೂಮಿಡಿಫೈಯರ್, ಬೇಸಿಗೆಗೆ ಹ್ಯೂಮಿಡಿಫೈಯರ್. ಮರದ ದಾಸ್ತಾನು, ಅರೆಕಟ್ಟಿದ ಪೆಟ್ಟಿಗೆ ಅಲ್ಲಿಯೇ ಇರಬೇಕು. ಕೆಲಸದ ದಿನ ಮಾತ್ರ ಕೋಣೆಯನ್ನು ಒಣಗಿಸಿದರೆ ಹೊರಗಿನ ಹಲಗೆಗೆ ಅದರ ಸುದ್ದಿ ಮುಟ್ಟುವಷ್ಟರಲ್ಲಿ ಅಂಟು ಗಟ್ಟಿಯಾಗಿರುತ್ತದೆ. ಪಕ್ಕಪಟ್ಟಿಯನ್ನು ನೀರು ಚಿಮುಕಿಸಿ ಬಿಸಿ ಕೊಳವೆಯ ಮೇಲೆ ಬಾಗಿಸಿದ ಮೇಲೆ ಅಚ್ಚಿನಲ್ಲಿ ಕಟ್ಟಿ ಕೆಲವು ದಿನ ಬಿಡುವುದೂ ಇದೇ ಕೋಣೆಯಲ್ಲಿ. ನೀರಿನ ಅಂಟು ಬಳಸಿದಾಗ ಕೂಡುಜಾಗ ಒಂದಿಷ್ಟು ಹಿಗ್ಗಿರುತ್ತದೆ. ಅದು ಇಳಿಯುವ ಮೊದಲೇ ಕೀಸುಳಿ ಹೊಡೆದು ಸಮ ಮಾಡಿದರೆ ಆಮೇಲೆ ಅಲ್ಲಿ ತಗ್ಗು ಬೀಳುತ್ತದೆ.

ಅಳೆಯುವುದು

ಕೈಯಲ್ಲಿ ಹಿಡಿದು ಮರದ ತೇವ ಹೇಳುವ ಹಿರಿಯರು ಇದ್ದಾರೆ. ಅವರ ಕೈ ತೋರಿಸುವುದು ಬೀಟೆ ಶೇ. 20ರಲ್ಲಿದೆಯೋ 12ರಲ್ಲಿದೆಯೋ ಎಂಬಷ್ಟನ್ನು. 9ಕ್ಕೂ 7ಕ್ಕೂ ಇರುವ ಅಂತರಕ್ಕೆ ತಕ್ಕಡಿ ಬೇಕು. ಎಲ್ಲಕ್ಕಿಂತ ಅಗ್ಗದ, ನಂಬಬಹುದಾದ ಉಪಾಯ ಇದು: ಪ್ರತಿ ಹಲಗೆಯ ಮೂಲೆಯಲ್ಲಿ ಪೆನ್ಸಿಲಿನಿಂದ ತೂಕ ಮತ್ತು ತಾರೀಕು ಬರೆಯುವುದು, ವಾರಕ್ಕೊಮ್ಮೆ ಮತ್ತೆ ತೂಗುವುದು. ತೂಕ ನಿಂತರೆ ಹಲಗೆ ಕೋಣೆಯೊಡನೆ ರಾಜಿಯಾಗಿದೆ ಎಂದರ್ಥ. ನಿಖರ ಅಂಕಿ ಬೇಕಾದರೆ ಅದೇ ಹಲಗೆಯ ತುಂಡೊಂದನ್ನು ತೂಗಿ, 103 ಡಿಗ್ರಿಯ ಒಲೆಯಲ್ಲಿ ತೂಕ ನಿಲ್ಲುವವರೆಗೆ ಇಟ್ಟು, ಇಳಿದ ತೂಕವನ್ನು ಒಣತೂಕದಿಂದ ಭಾಗಿಸುತ್ತಾರೆ. 54 ಗ್ರಾಂ ತುಂಡು 50 ಗ್ರಾಂಗೆ ಇಳಿದರೆ ತೇವ ಶೇ. 8.

ಅಂಗಡಿಯ ಅಗ್ಗದ ಆರ್ದ್ರತಾಮಾಪಕ ಹತ್ತು ಅಂಶ ತಪ್ಪಿರುವುದು ವಿರಳವಲ್ಲ. ಅದನ್ನು ಪರೀಕ್ಷಿಸಲು ಅಡುಗೆಮನೆಯ ಉಪ್ಪು ಸಾಕು. ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹರಿಯದಷ್ಟು ನೀರಿನಲ್ಲಿ ಒದ್ದೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಒಳಗಿನ ಗಾಳಿ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಅದು ಏಳು ಕಡಿಮೆ ಹೇಳುತ್ತಿದೆ. ಕಡಿಮೆ ತುದಿಯಲ್ಲೂ ನೋಡಬೇಕೆನ್ನುವವರು ಪೊಟ್ಯಾಷಿಯಂ ಕಾರ್ಬೊನೇಟ್ ಬಳಸುತ್ತಾರೆ. ಅದರ ಸಂತೃಪ್ತ ದ್ರಾವಣದ ಮೇಲಿನ ಗಾಳಿ ಶೇ. 43. ಬ್ರೇಸ್ ಅಂಟಿಸುವ ಆರ್ದ್ರತೆಯ ಪಕ್ಕದಲ್ಲಿಯೇ ಆ ಅಂಕಿ ಬರುವುದು ಅನುಕೂಲ.

ಕತ್ತು ಮತ್ತು ಫ್ರೆಟ್

ಕತ್ತಿನ ಮರ ಉದ್ದಕ್ಕೆ ಕುಗ್ಗುವುದಿಲ್ಲವೆಂಬ ಧೈರ್ಯ ಅರ್ಧ ನಿಜ. ಬೆರಳುಪಟ್ಟಿಯ ಮೇಲ್ಮೈಗೆ ಪಾಲಿಷ್ ಇಲ್ಲ, ಕತ್ತಿನ ಬೆನ್ನಿಗಿದೆ. ಮಳೆಗಾಲದಲ್ಲಿ ಪಟ್ಟಿ ಮೊದಲು ನೀರು ಹೀರಿ ಕೂದಲೆಳೆಯಷ್ಟು ಉದ್ದವಾಗುತ್ತದೆ, ಕತ್ತು ಹಿಂದಕ್ಕೆ ಬಾಗುತ್ತದೆ, ಬೇಸಿಗೆಯಲ್ಲಿ ಮುಂದಕ್ಕೆ. ಇರಬೇಕಾದ ತಗ್ಗು 0.1ರಿಂದ 0.25 ಮಿ.ಮೀ. ಮಾತ್ರವಾದ್ದರಿಂದ ಕೂದಲೆಳೆಯೇ ಸಾಕು ನುಡಿಸುವವರಿಗೆ ತಿಳಿಯಲು. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದ, ಕತ್ತಿನೊಳಗೆ ಕೂರುವ ಹೊಂದಿಸಬಲ್ಲ ಸರಳು, ಅಂದರೆ ಟ್ರಸ್ ರಾಡ್, ಇದಕ್ಕೆ ಮದ್ದು. ಮಾರ್ಟಿನ್ ಕಂಪನಿ ಅದನ್ನು ಒಪ್ಪಿಕೊಂಡದ್ದು 1985ರಲ್ಲಿ. ಟ್ರಸ್ ರಾಡ್ ಬಾಗನ್ನು ತಿದ್ದುತ್ತದೆ, ತಿರುಚನ್ನು ತಿದ್ದುವುದಿಲ್ಲ. ಆದ್ದರಿಂದ ಕತ್ತಿನ ಮರಕ್ಕೆ ನೇರ ನಾರು, ಸಾಧ್ಯವಾದರೆ ನಡುವೆ ಸೀಳಿ ತಿರುಗಿಸಿ ಅಂಟಿಸಿದ ಎರಡು-ಮೂರು ಪಟ್ಟಿ.

ಬೆರಳುಪಟ್ಟಿ ಅಗಲಕ್ಕೆ ಕುಗ್ಗಿದಾಗ ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿ ಹೊರಚಾಚಿ ಅಂಗೈ ಗೀರುತ್ತದೆ. ಎಬೊನಿಯ 55 ಮಿ.ಮೀ. ಪಟ್ಟಿ ಆರು ಅಂಶ ಒಣಗಿದರೆ 0.9 ಮಿ.ಮೀ. ಕಿರಿದಾಗುತ್ತದೆ, ನೆಟ್ಟ ಉಂಗುರದ ಬೀಟೆಯಾದರೆ 0.3. ಕರಿಮರದ ಹೊಳಪಿಗೆ ಮನಸೋತವರು ಅಂಟಿಸುವ ಮೊದಲು ಪಟ್ಟಿಯನ್ನು ಒಂದು ಪೂರ್ತಿ ಬೇಸಿಗೆ ನೋಡಲು ಬಿಡಬೇಕು.

ಪಕ್ಕದ ಪರಂಪರೆಗಳು

ತೇವದ ಈ ಅರಿವು ಗಿಟಾರಿನ ಜೊತೆ ಹಡಗಿನಲ್ಲಿ ಬಂದದ್ದಲ್ಲ. ಸ್ವಾರಗೇಟ್‌ನಿಂದ ಬಸ್ ಹಿಡಿದರೆ ಸಿಗುವ ಮಿರಜ್, ಕನ್ನಡ-ಮರಾಠಿ ಎರಡೂ ಕೇಳಿಬರುವ ಗಡಿಯೂರು, 19ನೆಯ ಶತಮಾನದಿಂದ ಸಿತಾರ್ ಮತ್ತು ತಂಬೂರಿಗಳ ಊರು. ಆಯುಧ ಹದಮಾಡುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬ್ ಸಿತಾರ್‌ಮೇಕರ್ ಇಲ್ಲಿ ಈ ಕಸುಬಿನ ಮೊದಲಿಗರು. ಮಿರಜಿನ ಸಿತಾರ್ ಹಾಗೂ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಪಂಢರಪುರದ ಕಡೆಯಿಂದ ತಂದ ಸೋರೆಬುರುಡೆ ಒಣಗಿಸಿ ಕೊಡ ಮಾಡುತ್ತಾರೆ. ಕತ್ತು, ಮುಚ್ಚುಹಲಗೆಗೆ ತುನ್ ಮರ. ತಂಬೂರಿಯ ಮುಚ್ಚುಹಲಗೆ ಗಿಟಾರಿನದಕ್ಕಿಂತ ದಪ್ಪ, ಉಬ್ಬು ಹೆಚ್ಚು, ಅಡ್ಡ ಬ್ರೇಸ್‌ಗಳ ಬಿಗಿ ಇಲ್ಲ; ಆದ್ದರಿಂದ ಅದಕ್ಕೆ ಅಲುಗಾಡಲು ಎಡೆಯಿದೆ.

ಪುಣೆಯಲ್ಲಿ ಮಿರಜಿನ ತಂಬೂರಿಗಳನ್ನು ಒಟ್ಟಿಗೆ ಕಾಣಬೇಕೆಂದರೆ ಡಿಸೆಂಬರ್‌ನ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಹೋಗಬೇಕು. ಕುಂದಗೋಳದ ಗಾಯಕ ರಾಮಭಾವು, ಅಂದರೆ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿ 1953ರಲ್ಲಿ ಆರಂಭಿಸಿದ್ದು. ಇತ್ತೀಚಿನ ವರ್ಷಗಳಲ್ಲಿ ನಡೆಯುತ್ತಿರುವುದು ಸ್ವಾರಗೇಟ್‌ಗೆ ತಾಗಿದ ಮುಕುಂದನಗರದಲ್ಲಿ. ಮಧ್ಯಾಹ್ನದ ಬಿಸಿಲಿನಿಂದ ರಾತ್ರಿಯ ಚಳಿಗೆ ಗಾಳಿಯ ಆರ್ದ್ರತೆ ಎರಡು ಪಟ್ಟಾಗುವ ತಿಂಗಳು ಅದು. ಗಾಯಕರ ಹಿಂದೆ ಕುಳಿತವರು ಪದೇಪದೇ ತಂಬೂರಿಯ ಮಣಿ ಸರಿಸುವುದು ಕಾಣುತ್ತದೆ. ತಂತಿಯ ಮೇಲೆ ಚಳಿಯ ಪಾಲೂ ಇದೆ, ಮರದ ಪಾಲೂ ಇದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಗೆ ಹೆಸರಾದ ಹಳ್ಳಿ. ಅಲ್ಲಿ ಹಲಸಿನ ದಿಮ್ಮಿಯನ್ನು ಕೊರೆದು ಕೊಡ ಮಾಡುತ್ತಾರೆ. ಟೊಳ್ಳು ಮಾಡಿದ ದಿಮ್ಮಿ ಒಳಗಿನಿಂದಲೂ ಹೊರಗಿನಿಂದಲೂ ಒಣಗುವುದರಿಂದ ಸೀಳು ಕಡಿಮೆ. ಇದೇ ಉಪಾಯ ಗಿಟಾರ್ ಕತ್ತಿಗೂ ಒಪ್ಪುತ್ತದೆ: ಅಂತಿಮ ಅಳತೆಗಿಂತ ದಪ್ಪವಾಗಿ ಕೊಯ್ದು, ಕೆಲವು ವಾರ ಬಿಟ್ಟು, ಅದು ಬಾಗಿದ್ದನ್ನು ಕೀಸಿ, ಮತ್ತೆ ಬಿಟ್ಟು, ಆಮೇಲೆ ಅಳತೆಗೆ ತರುವುದು.

ಕಟ್ಟಿದ ಮೇಲೆ

ಪಾಲಿಷ್ ತೇವವನ್ನು ತಡೆಯುವುದಿಲ್ಲ, ನಿಧಾನಿಸುತ್ತದೆ. ಗಿಟಾರಿನ ಒಳಮೈ ಬಹುಮಟ್ಟಿಗೆ ಬರಿಮರವೇ. ಹೀಗಾಗಿ ನುಡಿಸುವವರ ಹೊಣೆ ಕಟ್ಟುವವರಷ್ಟೇ ಇದೆ: ಬಿಗಿ ಮುಚ್ಚುವ ಪೆಟ್ಟಿಗೆ, ಅದರೊಳಗೆ ಶೇ. 49ಕ್ಕೆ ಹೊಂದಿಸಿದ ಎರಡು ದಿಕ್ಕಿನ ತೇವದ ಪೊಟ್ಟಣ. ಇವು ಒಣಗಿದರೆ ನೀರು ಬಿಡುತ್ತವೆ, ಒದ್ದೆಯಾದರೆ ಹೀರುತ್ತವೆ. ಸಿಲಿಕಾ ಜೆಲ್ ಹೀರುವುದಷ್ಟೇ ಗೊತ್ತಿರುವುದು. ಮಳೆಗಾಲಕ್ಕೆ ಸರಿ, ಮಾರ್ಚ್‌ನಲ್ಲಿ ಮರೆತು ಒಳಗೆ ಬಿಟ್ಟರೆ ಅದೇ ಸೀಳು ತರುತ್ತದೆ. ಸಂಜೆ ಸ್ವಾರಗೇಟ್‌ನಲ್ಲಿ ಬಸ್ ಹತ್ತಿ ಬೆಳಗಾವಿಯಿಂದ ಘಟ್ಟ ಇಳಿದು ಗೋವಾ, ಕಾರವಾರಕ್ಕೆ ಹೋಗುವ ಗಿಟಾರ್ ಒಂದೇ ರಾತ್ರಿಯಲ್ಲಿ ಶೇ. 30ರಿಂದ 80ಕ್ಕೆ ಹೋದರೂ ಪೆಟ್ಟಿಗೆ ಮುಚ್ಚಿದ್ದರೆ ಅಷ್ಟರಲ್ಲಿ ಏನೂ ಆಗದು. ತಲುಪಿದ ಕೂಡಲೇ ತೆರೆಯದೆ ಕೆಲವು ಗಂಟೆ ಬಿಟ್ಟು, ತಂತಿಯನ್ನು ಅರ್ಧ ಸ್ವರ ಇಳಿಸಿಟ್ಟರೆ ಸಾಕು. ತೊಂದರೆ ಅಲ್ಲಿ ಎರಡು ವಾರ ಗೋಡೆಗೆ ತೂಗಿಬಿಟ್ಟಾಗ.

ಬಿರುಕು ಬಿದ್ದರೆ ಕೂಡಲೇ ಅಂಟು ತುಂಬಬಾರದು. ಗಿಟಾರನ್ನು ಶೇ. 50ರ ಪೆಟ್ಟಿಗೆಯಲ್ಲಿ ಒಂದೆರಡು ವಾರ ಇಟ್ಟರೆ ಸೀಳು ಬಹುತೇಕ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗ ತೆಳು ಅಂಟು ಹೀರಿಸಿ, ಒಳಗಿನಿಂದ ನಾರಿಗೆ ಅಡ್ಡವಾಗಿ ಸ್ಪ್ರೂಸ್‌ನ ಸಣ್ಣ ಚಕ್ಕೆಗಳನ್ನು ಅಂಟಿಸುತ್ತಾರೆ. ಅಗಲವಾಗಿ ತೆರೆದೇ ಇರುವ ಹಳೆಯ ಸೀಳಿಗೆ ಮಾತ್ರ ಅದೇ ಜಾತಿಯ ಮರದ ಎಳೆ ಸೇರಿಸಬೇಕು, ಅದನ್ನೂ ಬೇಸಿಗೆಯಲ್ಲಿ, ಸೀಳು ಪೂರ್ತಿ ಬಾಯ್ದೆರೆದಾಗ. ಆಗಸ್ಟ್‌ನಲ್ಲಿ ಅಳೆದು ತುಂಬಿದ ಎಳೆ ಏಪ್ರಿಲ್‌ನ ಸೀಳಿಗೆ ಸಾಲದೆ ಬರುತ್ತದೆ.